ಡಬ್ಬದ ಮೇಲೆ 1 ಮಿಲಿಸೆಕೆಂಡ್, ಪರದೆಯ ಮೇಲೆ ಬಾಲ

ಯಾವುದೇ ಗೇಮಿಂಗ್ ಮಾನಿಟರಿನ ಡಬ್ಬ ನೋಡಿ, '1 ಎಂಎಸ್' ಅಂತ ದಪ್ಪಕ್ಷರದಲ್ಲಿ ಇದ್ದೇ ಇರುತ್ತದೆ. ಪಿಕ್ಸೆಲ್ ಒಂದು ಮಿಲಿಸೆಕೆಂಡಿನಲ್ಲಿ ಬಣ್ಣ ಬದಲಿಸುತ್ತದೆ ಅನ್ನುವುದು ಅದರ ಅರ್ಥ. ಆದರೂ ಶೂಟರ್ ಗೇಮಿನ ಕತ್ತಲೆ ಕಾರಿಡಾರಿನಲ್ಲಿ ಮೌಸ್ ಸರ್ರನೆ ತಿರುಗಿಸಿದರೆ, ಕಂಬದ ಹಿಂದೆ ಕಪ್ಪು ನೆರಳೊಂದು ಎಳೆದುಕೊಂಡು ಬರುತ್ತದೆ. ಘೋಸ್ಟಿಂಗ್ ಅನ್ನುವುದು ಇದನ್ನೇ. ಹಾಗಾದರೆ ಡಬ್ಬದ ಅಂಕಿ ಸುಳ್ಳಾ? ಪೂರ್ತಿ ಸುಳ್ಳಲ್ಲ. ಅಳೆಯುವ ರೀತಿಯೇ ದಾರಿಯುದ್ದಕ್ಕೂ ಬದಲಾಗುತ್ತಾ ಬಂದಿದೆ, ಅದೂ ಹೆಚ್ಚಿನ ಸಲ ಮಾರುವವರಿಗೆ ಅನುಕೂಲವಾಗುವ ಹಾಗೆ.

ಹಳೆಯ ಸಿಆರ್‌ಟಿ ಪರದೆಗಳಲ್ಲಿ ಇದು ದೊಡ್ಡ ತಲೆನೋವಾಗಿರಲಿಲ್ಲ. ಎಲೆಕ್ಟ್ರಾನ್ ಕಿರಣ ತಾಗಿದ ಕಡೆ ಫಾಸ್ಫರ್ ಮಿಂಚಿ, ಒಂದೆರಡು ಮಿಲಿಸೆಕೆಂಡಿನಲ್ಲಿ ಬಹುಪಾಲು ಆರಿಹೋಗುತ್ತಿತ್ತು. ಎಲ್‌ಸಿಡಿ ಕೆಲಸ ಮಾಡುವುದೇ ಬೇರೆ ಥರ. ಎರಡು ಗಾಜುಗಳ ನಡುವಿನ ಲಿಕ್ವಿಡ್ ಕ್ರಿಸ್ಟಲ್ ಅಣುಗಳು ವೋಲ್ಟೇಜ್ ಕೊಟ್ಟಾಗ ತಿರುಗಬೇಕು, ತೆಗೆದಾಗ ತಾವಾಗಿಯೇ ಹಿಂದಿನ ಜಾಗಕ್ಕೆ ಮರಳಬೇಕು. ಮರಳುವಾಗ ಅವನ್ನು ತಳ್ಳುವವರು ಯಾರೂ ಇಲ್ಲ. ಚಳಿಯಲ್ಲಂತೂ ಇನ್ನೂ ನಿಧಾನ. ಗಾಜುಗಳ ನಡುವಿನ ಸಂದನ್ನು ಅರ್ಧಕ್ಕಿಳಿಸಿದರೆ ತಿರುಗುವ ಸಮಯ ಸುಮಾರು ಕಾಲು ಭಾಗಕ್ಕಿಳಿಯುತ್ತದೆ. ಅದಕ್ಕೇ ತಯಾರಕರು ಆ ಸಂದಿನ ಹಿಂದೆ ಬಿದ್ದಿದ್ದು.

ಮೊದಮೊದಲು ಪರಿಸ್ಥಿತಿ ಎಷ್ಟು ಕೆಟ್ಟದಾಗಿತ್ತು ಅಂದರೆ, ಲ್ಯಾಪ್‌ಟಾಪ್ ಪರದೆಯಲ್ಲಿ ಮೌಸ್ ಬಾಣ ಓಡುವಾಗ ಮಾಯವಾಗಿಬಿಡುತ್ತಿತ್ತು. ಪಿಕ್ಸೆಲ್ ಕಪ್ಪಾಗುವಷ್ಟರಲ್ಲಿ ಬಾಣ ಮುಂದೆ ಹೋಗಿರುತ್ತಿತ್ತು. ವಿಂಡೋಸ್ 3.1ರ ಕಾಲದಿಂದ ಬಂದ 'ಮೌಸ್ ಟ್ರೇಲ್ಸ್' ಇಂಥ ಪರದೆಗಳಿಗೆಂದೇ ಮಾಡಿದ್ದು, ಅಲಂಕಾರಕ್ಕಲ್ಲ. 1989ರ ಗೇಮ್ ಬಾಯ್ ಕೂಡ ಇದೇ ಕಾಯಿಲೆಯದ್ದು. ಅಲ್ಲಿ ಕೆಲವು ಗೇಮ್ ತಯಾರಕರು ಮಂದಗತಿಯನ್ನೇ ಬಳಸಿಕೊಂಡರು. ಚಿತ್ರವನ್ನು ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ತೋರಿಸಿದರೆ ಅದು ಅರೆಪಾರದರ್ಶಕವಾಗಿ ಕಾಣುತ್ತಿತ್ತು!

2000ದ ನಂತರ ಎಲ್‌ಸಿಡಿ ಮೇಜಿನ ಮೇಲೆ ಬಂತು, ಅಂಕಿಯ ಪೈಪೋಟಿಯೂ ಶುರುವಾಯಿತು. ಆಗಿನ ಐಎಸ್‌ಒ 13406-2 ಮಾನದಂಡ ಕಪ್ಪಿನಿಂದ ಬಿಳಿಗೆ, ಮತ್ತೆ ಕಪ್ಪಿಗೆ ಹೋಗುವ ಸಮಯ ಅಳೆಯುತ್ತಿತ್ತು. ಅದೂ ಬದಲಾವಣೆಯ ಶೇ. 10ರಿಂದ ಶೇ. 90ರವರೆಗೆ ಮಾತ್ರ. ಮೊದಲ ಮತ್ತು ಕೊನೆಯ ಶೇ. 10 ಲೆಕ್ಕಕ್ಕಿಲ್ಲ. ಬಾಲ ಎಳೆಯುವುದು ಬಹಳ ಸಲ ಆ ಕೊನೆಯ ತುಂಡಿನಲ್ಲೇ. 25 ಮಿಲಿಸೆಕೆಂಡ್ ಹೋಗಿ 16 ಬಂತು, 12 ಬಂತು, 8 ಬಂತು. 60 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ, ಒಂದು ಫ್ರೇಮಿನ ಆಯಸ್ಸು 16.7 ಮಿಲಿಸೆಕೆಂಡ್. ಪಿಕ್ಸೆಲ್ ಅಷ್ಟರೊಳಗೆ ಬದಲಾದರೆ ಸಾಕು ಅನ್ನುವುದು ಲೆಕ್ಕ.

ಆದರೆ ಕಪ್ಪಿನಿಂದ ಬಿಳಿಗೆ ಹೋಗಲು ಪೂರ್ತಿ ವೋಲ್ಟೇಜ್ ಸಿಗುತ್ತದೆ. ಒಂದು ಬೂದು ಛಾಯೆಯಿಂದ ಪಕ್ಕದ ಛಾಯೆಗೆ ಹೋಗಲು ಸಿಗುವುದು ಅಲ್ಪ ತಳ್ಳು. ಆದ್ದರಿಂದ ಸಣ್ಣ ಬದಲಾವಣೆಯೇ ಎಷ್ಟೋ ಸಲ ನಿಧಾನ. ಗೇಮ್‌ನಲ್ಲಿ ಜಾಸ್ತಿ ನಡೆಯುವುದೂ ಅದೇ, ಅಲ್ವಾ? ಹೀಗಾಗಿ ಗ್ರೇ-ಟು-ಗ್ರೇ ಅಳತೆ ಬಂದಿದ್ದು ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಎಲ್ಲಿ ಅಂದರೆ, ಯಾವ ಬೂದಿನಿಂದ ಯಾವ ಬೂದಿಗೆ ಅಂತ ಡಬ್ಬ ಹೇಳುವುದಿಲ್ಲ. ನೂರಾರು ಜೋಡಿಗಳಲ್ಲಿ ಅತಿ ವೇಗದ ಒಂದನ್ನು ಆರಿಸಿ ಛಾಪಿಸಿದರೂ ಕೇಳುವವರಿಲ್ಲ.

ಗ್ರೇ-ಟು-ಗ್ರೇಯ ಜೊತೆಗೇ ಬಂದದ್ದು ಓವರ್‌ಡ್ರೈವ್: ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜನ್ನು ಕ್ಷಣಕಾಲ ಕೊಡುವ ಉಪಾಯ. ಭಾರದ ಬಾಗಿಲನ್ನು ಜೋರಾಗಿ ತಳ್ಳಿದ ಹಾಗೆ. ಬೇಗ ತೆರೆಯುತ್ತದೆ, ಗೋಡೆಗೂ ಬಡಿಯುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ 'ಟೆಸ್ಟ್‌ಯುಎಫ್‌ಒ' ಜಾಲತಾಣದ ಪರೀಕ್ಷೆ ಹಾಕಿ, ಹಾರುವ ತಟ್ಟೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾ ಮಾನಿಟರ್ ಮೆನುವಿನಲ್ಲಿ ಓವರ್‌ಡ್ರೈವ್ ಬದಲಿಸಿ. 'ಆಫ್'ನಲ್ಲಿ ತಟ್ಟೆಯ ಹಿಂದೆ ಮಸುಕಾದ ಬಾಲ. ಮಧ್ಯದ ಹಂತದಲ್ಲಿ ಬಾಲ ಗಿಡ್ಡವಾಗುತ್ತದೆ. ಕೊನೆಯ ಹಂತದಲ್ಲಿ ಅದೇ ಜಾಗದಲ್ಲಿ ಹಿನ್ನೆಲೆಗಿಂತ ತಿಳಿಯಾದ ಹೊಳಪಿನ ಅಂಚು. ಪಿಕ್ಸೆಲ್ ಗುರಿ ದಾಟಿ ಹೋಗಿ ವಾಪಸ್ ಬರುತ್ತಿದೆ, ಅಷ್ಟೇ. ಇದಕ್ಕೆ ಇನ್ವರ್ಸ್ ಘೋಸ್ಟಿಂಗ್ ಅನ್ನುತ್ತಾರೆ. ಡಬ್ಬದ 1 ಎಂಎಸ್ ಬಹಳ ಸಲ ಈ ಕೊನೆಯ ಹಂತದ್ದು. ಅದನ್ನು ಹಾಕಿಕೊಂಡು ಗೇಮ್ ಆಡುವವರು ಅಪರೂಪ.

ಫ್ರೇಮ್ ರೇಟ್ ಏರಿಳಿಯುವ ಪರದೆಗಳಲ್ಲಿ ಇನ್ನೊಂದು ತೊಡಕಿದೆ. 144 ಹರ್ಟ್ಸ್‌ಗೆ ಹೊಂದಿಸಿದ ಓವರ್‌ಡ್ರೈವ್ 60ಕ್ಕಿಳಿದಾಗ ಅತಿಯಾಗುತ್ತದೆ. ವೇರಿಯಬಲ್ ಓವರ್‌ಡ್ರೈವ್ ಇರುವ ಮಾನಿಟರುಗಳು ಇದನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಆರಂಭದಲ್ಲಿ ಹೇಳಿದ ಕಪ್ಪು ನೆರಳು ಮುಖ್ಯವಾಗಿ ಎಲ್‌ಸಿಡಿಯ ಒಂದು ಬಗೆಯಾದ ವಿಎ ಪ್ಯಾನೆಲ್‌ಗಳದ್ದು. ಅವುಗಳ ಕಪ್ಪು ಗಾಢ, ಕಾಂಟ್ರಾಸ್ಟ್ ಸೊಗಸು. ಆದರೆ ಕಪ್ಪಿನಿಂದ ಕಡುಬೂದಿಗೆ ಹೋಗುವಾಗ ತೆವಳುತ್ತವೆ.

ಇಷ್ಟಾದರೂ ಮುಗಿಯಲಿಲ್ಲ. ಪಿಕ್ಸೆಲ್ ಸೊನ್ನೆ ಸಮಯದಲ್ಲಿ ಬದಲಾದರೂ ಮಸುಕು ಪೂರ್ತಿ ಹೋಗುವುದಿಲ್ಲ. ಎಲ್‌ಸಿಡಿ ಒಂದು ಫ್ರೇಮನ್ನು ಮುಂದಿನದು ಬರುವ ತನಕ ಹಾಗೇ ಹಿಡಿದಿಟ್ಟಿರುತ್ತದೆ, ಕಣ್ಣು ಮಾತ್ರ ನಿಲ್ಲದೆ ಮುಂದೆ ಸರಿಯುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ವಸ್ತು 60 ಹರ್ಟ್ಸ್‌ನಲ್ಲಿ ಒಂದು ಫ್ರೇಮಿಗೆ 16 ಪಿಕ್ಸೆಲ್ ಜಿಗಿಯುತ್ತದೆ. ರೆಟಿನಾದ ಮೇಲೆ ಅಷ್ಟೇ ಅಗಲದ ಮಸುಕು. 240 ಹರ್ಟ್ಸ್‌ನಲ್ಲಿ ಅದು 4 ಪಿಕ್ಸೆಲ್. ನನ್ನ ಪ್ರಕಾರ ಮಾನಿಟರ್ ಕೊಳ್ಳುವವರು ಮೊದಲು ನೋಡಬೇಕಾದದ್ದು ರಿಫ್ರೆಶ್ ರೇಟ್ (ಆ ಹರ್ಟ್ಸ್ ಅಂಕಿ), ಆಮೇಲೆ ಪ್ಯಾನೆಲ್ ಆ ವೇಗಕ್ಕೆ ತಕ್ಕ ಹಾಗಿದೆಯೇ ಅಂತ. 240 ಹರ್ಟ್ಸ್ ಅಂದರೆ ಪ್ರತಿ ಫ್ರೇಮಿಗೆ 4.2 ಮಿಲಿಸೆಕೆಂಡ್. ಅಷ್ಟರಲ್ಲಿ ಬದಲಾಗದ ಪ್ಯಾನೆಲ್‌ಗೆ ಆ ರೇಟು ಸುಮ್ನೆ.

ಬ್ಯಾಕ್‌ಲೈಟನ್ನು (ಪರದೆಯ ಹಿಂದಿನ ದೀಪ) ಫ್ರೇಮಿಗೊಮ್ಮೆ ಮಿಂಚಿಸಿ ಮಿಕ್ಕ ಹೊತ್ತು ಆರಿಸಿದರೆ ಸಿಆರ್‌ಟಿಯ ಸ್ಪಷ್ಟತೆ ಹತ್ತಿರ ಬರುತ್ತದೆ, ಬೆಳಕು ಕಡಿಮೆಯಾಗುತ್ತದೆ. ಡಬ್ಬದಲ್ಲಿ ಕಾಣುವ 'ಎಂಪಿಆರ್‌ಟಿ 1 ಎಂಎಸ್' ಈ ಮಿಂಚಿನ ಉದ್ದ, ಪಿಕ್ಸೆಲ್ ವೇಗವಲ್ಲ. ಎರಡನ್ನೂ ಒಂದೇ ಅಂದುಕೊಂಡು ಮೋಸಹೋಗುವುದು ತೀರಾ ಸುಲಭ. ಈ ಗೋಜಲಿಗಾಗಿಯೇ ಪರದೆಗಳ ಮಾನದಂಡ ರೂಪಿಸುವ ವೆಸಾ (VESA) ಸಂಸ್ಥೆ 2022ರಲ್ಲಿ ಕ್ಲಿಯರ್‌ಎಂಆರ್ ಅಂತ ಹೊಸ ಅಳತೆ ತಂದಿತು. ಅದು ಮಿಲಿಸೆಕೆಂಡ್ ಬಿಟ್ಟು, ಸ್ಪಷ್ಟ ಪಿಕ್ಸೆಲ್ ಮತ್ತು ಮಸುಕು ಪಿಕ್ಸೆಲ್‌ಗಳ ಅನುಪಾತ ನೋಡುತ್ತದೆ. ಗುರಿ ದಾಟುವ ಓವರ್‌ಡ್ರೈವ್‌ಗೂ ಮಿತಿ ಹಾಕುತ್ತದೆ.

ಒಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ) ಬಂದ ಮೇಲೆ ಪಿಕ್ಸೆಲ್ ವೇಗದ ಜಗಳ ಬಹುತೇಕ ತಣ್ಣಗಾಗಿದೆ. ಅವುಗಳ ಜಾಹೀರಾತಿನ ಅಂಕಿ 0.03 ಮಿಲಿಸೆಕೆಂಡ್. ಹಿಡಿದಿಡುವ ಚಾಳಿ ಮಾತ್ರ ಅಲ್ಲೂ ಇದೆ, 60 ಹರ್ಟ್ಸ್‌ನ 16 ಪಿಕ್ಸೆಲ್ ಮಸುಕು ಅಲ್ಲೂ ತಪ್ಪಿದ್ದಲ್ಲ. ತಮಾಷೆ ಅಂದರೆ, ಸೆಕೆಂಡಿಗೆ 30 ಫ್ರೇಮಿನಲ್ಲಿ ಓಡುವ ಗೇಮ್ ಒಎಲ್‌ಇಡಿಯಲ್ಲಿ ಜಾಸ್ತಿ ತಡವರಿಸಿದಂತೆ ಕಾಣುತ್ತದೆ. ಫ್ರೇಮಿನಿಂದ ಫ್ರೇಮಿಗೆ ಆಗುವ ಜಿಗಿತವನ್ನು ಎಲ್‌ಸಿಡಿಯ ಬಾಲ ಅಷ್ಟಿಷ್ಟು ಮುಚ್ಚಿಡುತ್ತಿತ್ತು.