ಬೀಸುವ ಕಲ್ಲಿನ ಸಾಕ್ಷಿ

ಇಸ್ಲಾಮೀ ತತ್ತ್ವಜ್ಞಾನಿಗಳು ಗ್ರೀಕರ ಗ್ರಂಥಗಳನ್ನು ಕಾಪಾಡಿ ಯುರೋಪಿಗೆ ದಾಟಿಸಿದರು, ಅಷ್ಟೇ ಎಂದು ಎಷ್ಟೋ ಜನ ನಂಬಿದ್ದಾರೆ. ಇದು ಶುದ್ಧ ತಪ್ಪು. ‘ಚಲನೆ ನಿಜವೇ?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು 9ರಿಂದ 17ನೇ ಶತಮಾನದವರೆಗೆ ಅವರು ವಾದಿಸಿದ್ದನ್ನು ನೋಡಬೇಕು.

ಬಸ್ರಾ, ಬಾಗ್ದಾದ್‌ಗಳ ಕಲಾಮ್ (ಇಸ್ಲಾಮೀ ದೇವತಾಶಾಸ್ತ್ರ) ಪಂಡಿತರಲ್ಲಿ ಹೆಚ್ಚಿನವರು ಪರಮಾಣುವಾದಿಗಳು: ವಸ್ತು, ಜಾಗ, ಕಾಲ ಎಲ್ಲವೂ ಮತ್ತೆ ಒಡೆಯಲಾಗದ ತುಣುಕುಗಳಿಂದಾಗಿವೆ ಎನ್ನುವವರು. ಅವರಿಗೆ ಚಲನೆಯೆಂದರೆ ಚೌಕಾಬಾರದ ಕಾಯಿಯಂತೆ ಮನೆಯಿಂದ ಮನೆಗೆ ಹೋಗುವುದು. ನಿಧಾನವೆಂದರೆ ನಡುನಡುವೆ ನಿಲ್ಲುವುದು. ಬಸ್ರಾದ ಕಲಾಮ್ ಪಂಡಿತ ನಜ್ಜಾಮ್ ಇದನ್ನು ಒಪ್ಪಲಿಲ್ಲ, ವಸ್ತುವನ್ನು ಒಡೆಯುತ್ತಲೇ ಹೋಗಬಹುದು ಎಂದ. ಹಾಗಿದ್ದರೆ ನಡೆಯುವ ಇರುವೆಯೊಂದು ದಾರಿಯ ಲೆಕ್ಕವಿಲ್ಲದಷ್ಟು ತುಣುಕುಗಳನ್ನು ದಾಟುವುದು ಹೇಗೆ? ಕೆಲವನ್ನು ಮುಟ್ಟದೆಯೇ ನೆಗೆಯುತ್ತದೆ ಎಂದು ಉತ್ತರಿಸಿದ. ಈ ನೆಗೆತಕ್ಕೆ ‘ತಫ್ರಾ’ ಎಂದು ಹೆಸರು.

ಪರಮಾಣುವಾದಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಬೀಸುವ ಕಲ್ಲು. ಗೂಟದಿಂದ 30 ಸೆಂ.ಮೀ. ದೂರದ ಅಂಚು 10 ಮನೆ ಸರಿದಾಗ, 3 ಸೆಂ.ಮೀ. ದೂರದ ಬಿಂದು ಸರಿಯಬೇಕಾದದ್ದು ಒಂದೇ ಮನೆ. ಅಂಚು ಒಂದು ಮನೆ ಸರಿದರೆ? ಒಳಗಿನದು ಹತ್ತರಲ್ಲೊಂದು ಭಾಗ ಸರಿಯಬೇಕು. ಆದರೆ ಮನೆಯನ್ನು ಒಡೆಯುವಂತಿಲ್ಲ. ಆದ್ದರಿಂದ 10 ಕ್ಷಣಗಳಲ್ಲಿ 9 ಕ್ಷಣ ಅದು ನಿಂತೇ ಇರಬೇಕು. ಅಂಚು ಓಡುತ್ತಿರುವಾಗ ನಡು ನಿಂತರೆ ಕಲ್ಲು ಬಳೆಬಳೆಯಾಗಿ ಬಿಟ್ಟುಕೊಂಡು ಮತ್ತೆ ಕೂಡಬೇಕಾಗುತ್ತದೆ. ಪರಮಾಣುವಾದಿಗಳು ಹಾಗೆಯೇ ಆಗುತ್ತದೆ ಎಂದು ಒಪ್ಪಿಕೊಂಡೂಬಿಟ್ಟರು! ಕಲ್ಲಿನ ಮೇಲೆ ಗೂಟದಿಂದ ಅಂಚಿನವರೆಗೆ ಇದ್ದಿಲಲ್ಲಿ ಗೆರೆ ಎಳೆದು ತಿರುಗಿಸಿ: ಗೆರೆ ಎಲ್ಲಿಯೂ ಮುರಿಯದು.

ಪರ್ಷಿಯಾದ ತತ್ತ್ವಜ್ಞಾನಿ ಇಬ್ನ್ ಸೀನಾ (980–1037) ಇನ್ನೂ ಆಳಕ್ಕಿಳಿದ. ತಲುಪುವ ಮುನ್ನ ಚಲನೆ ಪೂರ್ತಿಯಾಗಿರುವುದಿಲ್ಲ, ತಲುಪಿದ ಮೇಲೆ ಇರುವುದೇ ಇಲ್ಲ. ಹಾಗಾದರೆ ಇಡೀ ಚಲನೆ ಇರುವುದು ಯಾವಾಗ? ಆರಂಭದಿಂದ ಕೊನೆಯವರೆಗೆ ಹರಡಿದ ‘ದಾಟು’ ಮನಸ್ಸಿನಲ್ಲಿ ಮಾತ್ರ ಇದೆ ಎಂದ ಅವನು. ಬೀಳುವ ಹನಿ ಗೆರೆಯಾಗಿ, ಬೀಸಿದ ಕೊಳ್ಳಿ ಬೆಂಕಿಯ ಬಳೆಯಾಗಿ ಕಾಣುವ ಹಾಗೆ. ಹೊರಗೆ ನಿಜವಾಗಿ ಇರುವುದು ‘ನಡುವಿನಲ್ಲಿರುವಿಕೆ’: ಹೊರಟಾಗಿದೆ, ತಲುಪಿಲ್ಲ, ಈ ಕ್ಷಣ ಇರುವಲ್ಲಿ ಹಿಂದಿನ ಕ್ಷಣ ಇರಲಿಲ್ಲ, ಮುಂದಿನ ಕ್ಷಣ ಇರುವುದಿಲ್ಲ. ಈ ಸ್ಥಿತಿ ಪ್ರತಿ ಕ್ಷಣದಲ್ಲೂ ಪೂರ್ತಿಯಾಗಿ ಇರುತ್ತದೆ. ಎಷ್ಟು ಸೊಗಸಾದ ಬಿಡಿಸುವಿಕೆ! ಜಾಗ ಬಿಡದೆ ತಿರುಗುವ ಕಲ್ಲಿಗಾಗಿಯೇ ಎಂಬಂತೆ, ಚಲನೆಯ ಬಗೆಗಳಲ್ಲಿ ‘ಭಂಗಿಯ ಚಲನೆ’ಯನ್ನೂ ಅವನು ಸೇರಿಸಿದ.

ಆದರೆ ವಸ್ತುವಿನ ತಿರುಳು, ಅಂದರೆ ಬಣ್ಣ, ಜಾಗಗಳು ಬದಲಾದರೂ ಅದಾಗಿಯೇ ಉಳಿಯುವ ಮೂಲ, ಚಲಿಸದು ಎಂಬುದು ಅವನ ನಿಲುವು. ತಿರುಳೇ ಬದಲಾದರೆ ಬದಲಾದದ್ದು ಯಾವುದು ಎಂದು ಹೇಳುವುದು? 17ನೇ ಶತಮಾನದ ತತ್ತ್ವಜ್ಞಾನಿ, ಇರಾನಿನ ಶಿರಾಜಿನ ಮುಲ್ಲಾ ಸದ್ರಾ ಇದನ್ನೇ ತಿರುವಿಹಾಕಿದ. ಹಸಿರು ಮಾವು ಹಳದಿಯಾಗುತ್ತದೆ. ಬಣ್ಣಕ್ಕೆ ಹಣ್ಣನ್ನು ಬಿಟ್ಟು ಬೇರೆ ಇರವಿಲ್ಲ. ಬದಲಾಗುತ್ತಲೇ ಇರುವುದಕ್ಕೆ ಹತ್ತಿರದ ಕಾರಣವೂ ಬದಲಾಗುತ್ತಿರಲೇಬೇಕು, ಕದಲದ ಕಾರಣದಿಂದ ಕದಲದ ಫಲವಷ್ಟೇ ಹುಟ್ಟೀತು. ಹಾಗಾಗಿ ತಿರುಳೂ ಹರಿಯುತ್ತಿದೆ, ಆ ಎಡೆಬಿಡದ ಹರಿವೇ ಅದರ ಒಂದುತನ. ಹಳೆಯ ರೂಪ ಕಳಚಿ ಹೊಸದು ಬರುವುದಿಲ್ಲ. ಅಂಗಿಯ ಮೇಲೆ ಅಂಗಿ ತೊಟ್ಟಂತೆ ಬರುತ್ತದೆ.