ಮಳೆಗಾಲದ ಜ್ವರಕ್ಕೆ ಯಾವ ಮದ್ದು?

ಜುಲೈ ಬಂತೆಂದರೆ ಕೊಡಗಿನಲ್ಲಿ ಎರಡು ಜ್ವರಗಳು ಜೊತೆಗೂಡಿ ಬರುತ್ತವೆ. ನಾಟಿ ಗದ್ದೆಯ ಕೆಸರಿಗೆ ಸೇರಿದ ಇಲಿಯ ಮೂತ್ರದಿಂದ ಅಂಟುವ ಇಲಿ ಜ್ವರ ಒಂದು. ತೋಟದ ಕಾರ್ಮಿಕರ ಲೈನ್‌ಮನೆಯ ಹಿಂದೆ ಬಿದ್ದ ಟಯರು, ಟಾರ್ಪಾಲಿನ ಮಡಿಕೆಗಳಲ್ಲಿ ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆ ತರುವ ಡೆಂಗಿ ಇನ್ನೊಂದು. ಮೊದಲ ಮೂರ್ನಾಲ್ಕು ದಿನ ಎರಡರಲ್ಲೂ ಸುಡುವ ಜ್ವರ, ತಲೆನೋವು, ಮೈಕೈ ನೋವು. ಮೆಡಿಕಲ್ ಅಂಗಡಿಯಲ್ಲಿ ಕೇಳುವ ಮಾತೂ ಒಂದೇ: ‘ಪವರ್ ಇರೋ ಮಾತ್ರೆ ಕೊಡಿ.’ ಪವರ್ ಮಾತ್ರೆ ಎಂದರೆ ಆಂಟಿಬಯೋಟಿಕ್. ಬ್ಯಾಕ್ಟೀರಿಯಾದಿಂದ ಬರುವ ಇಲಿ ಜ್ವರದಲ್ಲಿ ಅದು ಜೀವ ಉಳಿಸಬಲ್ಲದು, ಡೆಂಗಿ ವೈರಸ್‌ಗೆ ಏನೂ ಮಾಡದು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಂಬುವ ನಾಡಿನಲ್ಲಿ ಎಲ್ಲ ಜ್ವರಕ್ಕೂ ಒಂದೇ ಗುಳಿಗೆ ಬಯಸುವುದು ಸಹಜವೇ. ಆ ಸೊಪ್ಪಿನ ಪಾಯಸದ ಬಗ್ಗೆ ನನ್ನ ತಕರಾರೇನಿಲ್ಲ, ತಕರಾರು ಗುಳಿಗೆಯದು.

ಬ್ಯಾಕ್ಟೀರಿಯಾಕ್ಕೂ ವೈರಸ್‌ಗೂ ಇರುವ ಈ ವ್ಯತ್ಯಾಸ ಮೊದಲು ಕಂಡದ್ದು ಹೊಗೆಸೊಪ್ಪಿನಲ್ಲಿ, ಕುಶಾಲನಗರ ದಾಟಿದರೆ ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆಯುವ ಅದೇ ಗಿಡದಲ್ಲಿ. 1892ರಲ್ಲಿ ರಷ್ಯದ ಇವಾನೊವ್‌ಸ್ಕಿ ರೋಗ ಬಂದ ಎಲೆಯ ರಸವನ್ನು ಬ್ಯಾಕ್ಟೀರಿಯಾ ತಡೆಯುವ ಪಿಂಗಾಣಿ ಸೋಸುಕದಲ್ಲಿ ಸೋಸಿದರು. ಸೋಸಿದ ರಸವೂ ರೋಗ ಹರಡಿತು. 1898ರಲ್ಲಿ ನೆದರ್ಲೆಂಡ್ಸ್‌ನ ಬೈಯರಿಂಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೋಗ ತರುವ ಆ ವೈರಸ್ ಜೀವಂತ ಕೋಶದೊಳಗೆ ಮಾತ್ರ ವೃದ್ಧಿಯಾಗುತ್ತದೆ ಎಂದರು. ಮುಂದಿನ ನೂರು ವರ್ಷಗಳ ತಲೆನೋವೆಲ್ಲ ಆ ಮಾತಿನಲ್ಲೇ ಇತ್ತು.

ಬ್ಯಾಕ್ಟೀರಿಯಾ ಸ್ವಂತ ಒಲೆ ಹೂಡಿಕೊಂಡ ಜೀವಿ. ವೈರಸ್ ನಮ್ಮ ಒಲೆಯಲ್ಲೇ ಅಡುಗೆ ಮಾಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯಿದೆ, ನಮ್ಮ ಕೋಶಗಳಿಗಿಲ್ಲ. ಪೆನ್ಸಿಲಿನ್ ಕೆಡಿಸುವುದು ಆ ಭಿತ್ತಿಯ ಕಟ್ಟಣೆಯನ್ನು. ಪ್ರೋಟೀನ್ ತಯಾರಿಸುವ ಬ್ಯಾಕ್ಟೀರಿಯಾದ ರೈಬೋಸೋಮೂ ನಮ್ಮದಕ್ಕಿಂತ ಬೇರೆ ರಚನೆಯದು. ಇಲಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಅಲ್ಲಿಗೆ ಹೋಗಿ ಕೂರುತ್ತದೆ. ವೈರಸ್‌ಗೆ ಭಿತ್ತಿಯೂ ಇಲ್ಲ, ರೈಬೋಸೋಮೂ ಇಲ್ಲ. ಅದು ಬಳಸುವ ಯಂತ್ರಕ್ಕೆ ಹೊಡೆದರೆ ಪೆಟ್ಟು ಬೀಳುವುದು ನಮಗೇ.

ಹಾಗಾಗಿ ಬ್ಯಾಕ್ಟೀರಿಯಾದ ಮದ್ದುಗಳು ಬೇಗ ಬಂದವು. 1928ರಲ್ಲಿ ಫ್ಲೆಮಿಂಗ್ ಪೆನ್ಸಿಲಿನ್ ಕಂಡರು. 1941ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅದನ್ನು ಪಡೆದ ಪೊಲೀಸ್ ಪೇದೆಯೊಬ್ಬ ಚೇತರಿಸಿಕೊಳ್ಳತೊಡಗಿದ್ದ. ದಾಸ್ತಾನು ಸಾಲದೆ ಅವನ ಮೂತ್ರದಿಂದಲೇ ಮದ್ದನ್ನು ತೆಗೆದು ಮತ್ತೆ ಚುಚ್ಚಿದರು. ಅದೂ ಮುಗಿಯಿತು, ಪೇದೆ ಸತ್ತ. ನಾಲ್ಕೇ ವರ್ಷದಲ್ಲಿ, 1945ರ ನೊಬೆಲ್ ಭಾಷಣದಲ್ಲಿ, ಕಡಿಮೆ ಪ್ರಮಾಣದಲ್ಲಿ ಬಳಸಿದರೆ ರೋಗಾಣು ಮದ್ದಿಗೆ ಜಗ್ಗದಂತಾಗುತ್ತದೆ ಎಂದು ಫ್ಲೆಮಿಂಗ್ ಎಚ್ಚರಿಸಿದ್ದರು.

ವೈರಸ್‌ಗೆ ಲಸಿಕೆ ಮೊದಲು, ಮದ್ದು ಬಹಳ ತಡವಾಗಿ. ಗರ್ಟ್ರೂಡ್ ಎಲಿಯನ್ ಅವರ ತಂಡದ ಅಸೈಕ್ಲೋವಿರ್ 1970ರ ದಶಕದ್ದು. ಮೈಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್‌ನ ಸ್ವಂತ ಕಿಣ್ವವೇ ಈ ಮದ್ದನ್ನು ಚುರುಕುಗೊಳಿಸುತ್ತದೆ. ಆದ್ದರಿಂದ ಅದರ ಕೆಲಸ ಹೆಚ್ಚಾಗಿ ಸೋಂಕು ತಗುಲಿದ ಕೋಶದಲ್ಲೇ. ಜಾಣ ಉಪಾಯ, ಆದರೆ ಹರ್ಪಿಸ್ ಕುಟುಂಬಕ್ಕಷ್ಟೇ. ಎಚ್‌ಐವಿಗೆ 1987ರಲ್ಲಿ ಎಝಡ್‌ಟಿ, ಫ್ಲೂಗೆ 1999ರಲ್ಲಿ ಒಸೆಲ್ಟಾಮಿವಿರ್: ಪ್ರತಿ ವೈರಸ್‌ಗೂ ಬೇರೆಯೇ ಬೀಗದ ಕೈ ಹುಡುಕಬೇಕಾಯಿತು.

ಡೆಂಗಿಗೆ ಅಂಥದ್ದು ಬಳಕೆಗೆ ಬಂದಿಲ್ಲ. ನೀರಿನಂಶ ಕಾಪಾಡುವುದು, ಪ್ಯಾರಾಸಿಟಮಾಲ್, ನಿಗಾ: ಚಿಕಿತ್ಸೆ ಇಷ್ಟೇ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಅಪಾಯ ಎದುರಾಗುವುದೂ ಜ್ವರ ಇಳಿಯುವ ಹೊತ್ತಿಗೆ. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ‘ಜ್ವರ ಬಿಟ್ಟಿತಲ್ಲ’ ಎಂದು ತೋಟಕ್ಕೆ ಹೋಗುವಂತಿಲ್ಲ.

ಆಂಟಿಬಯೋಟಿಕ್‌ಗೆ ಹೆದರಿ ಕೂರುವುದೂ ತಪ್ಪೇ. ಇಲಿ ಜ್ವರ ಕಿಡ್ನಿ, ಯಕೃತ್ತಿಗೆ ಇಳಿಯುವ ಮೊದಲೇ ಮದ್ದು ಶುರುವಾಗಬೇಕು. ಆದರೆ ಮೊದಲ ದಿನಗಳಲ್ಲಿ ರಕ್ತದ ಆಂಟಿಬಾಡಿ ಪರೀಕ್ಷೆ ನೆಗೆಟಿವ್ ಬರುವುದುಂಟು. ವೈದ್ಯರು ಆಗ ನಂಬುವುದು ರೋಗಿಯ ಮಾತನ್ನು. ಬರಿಗಾಲಲ್ಲಿ ನಾಟಿಗೆ ಇಳಿದದ್ದು, ಕಾಲಿನಲ್ಲಿ ಜಿಗಣೆ ಕಚ್ಚಿದ ಗಾಯ ಇದ್ದದ್ದು, ಇವನ್ನು ಅವರು ಕೇಳದಿದ್ದರೂ ಹೇಳಿಬಿಡಿ.