ಮಳಖೇಡದ ಹತ್ತಿರ ಮಾಸ್ತರರಿಗೆ ಏನಾಯ್ತು?

ಜನವರಿಯ ಒಂದು ಭಾನುವಾರ, ಬೆಳಗಿನ ಐದಕ್ಕೆ ಕಲಬುರಗಿ ಬಿಟ್ಟೆವು. ಓಡುವವರು ನಮ್ಮ ಗೆಳೆಯ ಮಾಸ್ತರು, ವಯಸ್ಸು 46. ಬೈಕಿನಲ್ಲಿ ಹಿಂದೆ ನಾನು ಮತ್ತು ಅವರ ತಮ್ಮ. ಸೇಡಂವರೆಗೆ ಓಡಬೇಕು ಅನ್ನೋದು ಮಾಸ್ತರರ ಬಹಳ ದಿನದ ಆಸೆ. 50 ಕಿಲೋಮೀಟರಿಗೂ ಜಾಸ್ತಿ ದೂರ. ಒಳ್ಳೆ ಚಳಿ ಇತ್ತು. ಸಿಮೆಂಟ್ ಲಾರಿಗಳ ಓಡಾಟ ಇನ್ನೂ ಶುರುವಾಗಿರಲಿಲ್ಲ. ಮೂರು ಕಿಲೋಮೀಟರಿಗೊಮ್ಮೆ ಅರ್ಧ ಲೀಟರ್ ನೀರು ಕುಡಿಸೋದು ನಮ್ಮ ಕೆಲಸ. ಬೇಡ ಅಂದರೂ ಬಿಡಲಿಲ್ಲ. "ಕುಡೀರಿ ಮಾಸ್ತರ್, ನೀರಡಿಕಿ ಆಗೋತನಕ ಕಾಯಬಾರದ್ರಿ" ಅಂತ ಒತ್ತಾಯ ಮಾಡಿದವನು ನಾನೇ.

ಮಳಖೇಡ ಹತ್ತಿರ ಬರುವಾಗ ಅವರ ಮುಖ ಊದಿತ್ತು. ಉಂಗುರ ಬೆರಳೊಳಗೆ ಹೂತುಹೋಗಿತ್ತು. ಒಮ್ಮೆ ವಾಂತಿ ಆಯಿತು. ಆಮೇಲೆ ರಸ್ತೆ ಮೇಲೆ ಸುಮ್ನೆ ನಿಂತು, "ಸಾಲಿ ಗಂಟಿ ಆಗ್ಯದ, ಹುಡುಗ್ರು ಎಲ್ಲಿ ಹೋದ್ರು?" ಅಂದರು. ನಾವು ಗಾಬರಿಯಾಗಿ ಮತ್ತೊಂದು ಬಾಟಲಿ ಬಾಯಿಗೆ ಹಿಡಿದೆವು. ಪುಣ್ಯಕ್ಕೆ ಅವರು ಕುಡಿಯಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನೋಡಿದಾಗ ಸೋಡಿಯಂ 121 ಇತ್ತು. ಇರಬೇಕಾದ್ದು 135ರಿಂದ 145. ಮಾಸ್ತರರ ಮೈಯಲ್ಲಿ ನೀರು ಕಡಿಮೆಯಾಗಿರಲಿಲ್ಲ, ಜಾಸ್ತಿಯಾಗಿತ್ತು. ಕುಡಿಸಿದವರು ನಾವು.

ವೈದ್ಯರು ಇದನ್ನು ಹೈಪೋನ್ಯಾಟ್ರೀಮಿಯಾ ಅನ್ನುತ್ತಾರೆ. ರಕ್ತದಲ್ಲಿ ಉಪ್ಪಿನಂಶ ತೆಳುವಾಗೋದು. ಸಾಮಾನ್ಯ ದಿನಗಳಲ್ಲಿ ನೀರು ಜಾಸ್ತಿಯಾದರೆ ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. ಆದರೆ ಗಂಟೆಗಟ್ಟಲೆ ಓಡುವಾಗ, ಆ ದಣಿವು, ನೋವು, ಹೊಟ್ಟೆ ತೊಳಸುವಿಕೆಯ ನಡುವೆ, ಮಿದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುತ್ತಲೇ ಇರುತ್ತದೆ. ನೀರು ಹಿಡಿದಿಟ್ಟುಕೋ ಅಂತ ಮೂತ್ರಪಿಂಡಕ್ಕೆ ಅದರ ಆಜ್ಞೆ. ಹೊರಗೆ ಹೋಗಲಾಗದ ನೀರು ರಕ್ತದಿಂದ ಜೀವಕೋಶಗಳ ಒಳಗೆ ಸೇರುತ್ತದೆ. ಕೈ, ಮುಖ ಊದಿಕೊಂಡರೆ ತೊಂದರೆ ಇಲ್ಲ, ಚರ್ಮ ಹಿಗ್ಗುತ್ತದೆ. ಮಿದುಳಿನ ಕಥೆ ಬೇರೆ. ತೊಗರಿಯನ್ನು ಡಬ್ಬಿಯ ಕಂಠದವರೆಗೆ ತುಂಬಿ, ನೀರು ಹಾಕಿ, ಮುಚ್ಚಳ ಬಿಗಿದರೆ ಏನಾಗುತ್ತದೆ? ಕಾಳು ಉಬ್ಬುತ್ತದೆ, ಡಬ್ಬಿ ಹಿಗ್ಗೋದಿಲ್ಲ. ತಲೆಬುರುಡೆಯೊಳಗಿನ ಮಿದುಳಿಗೂ ಅದೇ ಗತಿ. ಮೊದಲು ತಲೆನೋವು, ವಾಂತಿ, ಆಮೇಲೆ ತೊದಲು ಮಾತು, ಫಿಟ್ಸ್, ಕೊನೆಗೆ ಉಸಿರೇ ನಿಲ್ಲಬಹುದು.

ಇದು ಅಪರೂಪದ ಸಂಗತಿ ಅಂದುಕೊಳ್ಳಬೇಡಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ, ಶೇ 13ರಷ್ಟು ಜನರಲ್ಲಿ ಸೋಡಿಯಂ ಇಳಿದಿತ್ತು. ಅದೇ ಓಟದಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಇದರಿಂದಲೇ ತೀರಿಕೊಂಡರು. ಅದು 42 ಕಿಲೋಮೀಟರ್ ಓಟ. ಅದನ್ನು ಮೀರಿದ್ದೆಲ್ಲ ಅಲ್ಟ್ರಾ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಸುಮಾರು 90 ಕಿಲೋಮೀಟರ್, ನಮ್ಮ ಲಡಾಖ್‌ನ ಖರ್ದುಂಗ್ ಲಾ ಚಾಲೆಂಜ್ 72. ಅಲ್ಲಿ ನಿಧಾನಕ್ಕೆ ಓಡುವವರಿಗೆ ಕುಡಿಯಲು ಪುರುಸೊತ್ತು ಜಾಸ್ತಿ, ಅಪಾಯವೂ ಜಾಸ್ತಿ. ಈಗ ತಜ್ಞರು ಹೇಳೋದು ಬಹಳ ಸರಳ: ನೀರಡಿಕೆಯಾದಾಗ ಕುಡಿಯಿರಿ, ಅಷ್ಟೇ ಕುಡಿಯಿರಿ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ನಮ್ಮ ಅಜ್ಜಂದಿರು ಯಾವ ಲೆಕ್ಕವೂ ಇಲ್ಲದೆ ಹಾಗೇ ಮಾಡುತ್ತಿದ್ದರು, ಅಲ್ವಾ?

ಹಾಗಂತ ನಮ್ಮ ಊರಲ್ಲಿ ಬಿಸಿಲನ್ನು ಹಗುರಾಗಿ ತೆಗೆದುಕೊಳ್ಳೋ ಹಾಗಿಲ್ಲ. ಏಪ್ರಿಲ್, ಮೇ ಬಂದರೆ ಕಲಬುರಗಿ ಕಡೆಯ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಓಡುವಾಗ ಸ್ನಾಯು ಸುಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಬರೀ ಶಾಖವಾಗುತ್ತದೆ. ಗಾಳಿ 40 ಡಿಗ್ರಿ ದಾಟಿದಾಗ ಅದು ಮೈಯನ್ನು ತಂಪು ಮಾಡೋದಿಲ್ಲ, ಇನ್ನಷ್ಟು ಕಾಯಿಸುತ್ತದೆ. ಉಳಿಯೋದು ಬೆವರು ಒಂದೇ. ಅದು ಆರಿದರೆ ಮಾತ್ರ ತಂಪು, ತೊಟ್ಟಿಕ್ಕಿ ಬಿದ್ದರೆ ಉಪಯೋಗವಿಲ್ಲ. ಅದಕ್ಕೇ ಮಳೆಗಾಲದ ಜಿಗುಟು ಸೆಕೆಯಲ್ಲೂ ಓಟಗಾರರು ಬೀಳುತ್ತಾರೆ. ದೇಹದ ಒಳಗಿನ ಶಾಖ 40 ಡಿಗ್ರಿ ದಾಟಿ, ಮಾತು ತಪ್ಪಲು ಶುರುವಾದರೆ ಅದು ಹೀಟ್ ಸ್ಟ್ರೋಕ್. ಮೈ ಬೆವರುತ್ತಲೇ ಇರಬಹುದು, ಅದನ್ನು ನೋಡಿ ಮೋಸ ಹೋಗಬಾರದು.

ಇಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿ ಸುಮ್ನೆ ಕಾಯೋ ಹಾಗಿಲ್ಲ. ಮೊದಲ ಅರ್ಧ ಗಂಟೆಯೊಳಗೆ ಮೈ ತಂಪಾದರೆ ಜೀವ ಉಳಿಯುವ ಸಾಧ್ಯತೆ ಬಹಳ ಜಾಸ್ತಿ. ದನದ ನೀರಿನ ತೊಟ್ಟಿ ಇದ್ದರೆ ತಲೆ ಹಿಡಿದು ಕುತ್ತಿಗೆವರೆಗೆ ಅದರಲ್ಲಿ ಮಲಗಿಸಿ. ಇಲ್ಲವಾದರೆ ತಾಡಪತ್ರಿಯ ನಾಲ್ಕು ಮೂಲೆ ನಾಲ್ಕು ಜನ ಎತ್ತಿ ಹಿಡಿದು, ಒಳಗೆ ಅವರನ್ನಿಟ್ಟು ನೀರು, ಐಸ್ ಸುರಿಯಿರಿ. ಆಸ್ಪತ್ರೆಗೆ ಸಾಗಿಸೋದು ಆಮೇಲೆ.

ಈಗ ನನ್ನನ್ನು ಹೆದರಿಸುವ ವಿಷಯಕ್ಕೆ ಬರುತ್ತೇನೆ. ನೀರು ಜಾಸ್ತಿಯಾದರೂ ತಲೆ ಕೆಡುತ್ತದೆ, ಶಾಖ ಜಾಸ್ತಿಯಾದರೂ ತಲೆ ಕೆಡುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ. ಚಿಕಿತ್ಸೆ ಮಾತ್ರ ಬೇರೆ. ಮಾಸ್ತರರಿಗೆ ಕೊಟ್ಟಿದ್ದು ಶೇ 3ರ ಗಟ್ಟಿ ಉಪ್ಪುನೀರು, ಅದೂ ಸ್ವಲ್ಪವೇ. ಮಾಮೂಲಿ ಸಲೈನ್ ಬಾಟಲಿ ಏರಿಸಿದ್ದರೆ ಸ್ಥಿತಿ ಇನ್ನೂ ಕೆಡಬಹುದಿತ್ತು. ಅದಕ್ಕೇ ಓಟಗಾರರು ಎಷ್ಟು ನೀರು ಕುಡಿದಿದ್ದಾರೆ, ಎಷ್ಟು ಹೊತ್ತು ಓಡಿದ್ದಾರೆ ಅಂತ ಆಸ್ಪತ್ರೆಗೆ ಕರೆದೊಯ್ದವರು ಮೊದಲೇ ಹೇಳಬೇಕು.

ಚಳಿಯೂ ಹೀಗೇ ತಲೆ ಕೆಡಿಸುತ್ತದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟ ನಡೆಯುತ್ತಿತ್ತು. ಹವೆ ಇದ್ದಕ್ಕಿದ್ದಂತೆ ತಿರುಗಿ ಆಲಿಕಲ್ಲು, ಮಳೆ, ಬಿರುಗಾಳಿ. ಚಡ್ಡಿ, ಅಂಗಿಯಲ್ಲಿದ್ದ 21 ಓಟಗಾರರು ಸತ್ತರು. ಅವರಲ್ಲಿ ದೇಶದ ಹೆಸರಾಂತ ಅಲ್ಟ್ರಾ ಓಟಗಾರರೂ ಇದ್ದರು. ಮೈ ತಣ್ಣಗಾಗುತ್ತಾ ಹೋದಂತೆ ಯೋಚನೆಯೂ ಮಂಜಾಗುತ್ತದೆ. ಹಿಂದಕ್ಕೆ ಹೋಗಬೇಕು ಅನ್ನೋದೇ ಹೊಳೆಯೋದಿಲ್ಲ. ಆ ದಿನ ಆರು ಜನರನ್ನು ಉಳಿಸಿದವನು ಒಬ್ಬ ಕುರಿ ಕಾಯುವವನು. ತಾನು ಮಳೆಗೆ ಅಡಗಿದ್ದ ಗುಹೆಗೆ ಅವರನ್ನು ಕರೆತಂದು ಬೆಂಕಿ ಕಾಯಿಸಿದ.

ಹೃದಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಅರ್ಧ ಮ್ಯಾರಥಾನ್ ಓಡಿದ ಸುಮಾರು 1.09 ಕೋಟಿ ಓಟಗಾರರ ಲೆಕ್ಕ ಹಾಕಿದ್ದರು. ಹೃದಯ ನಿಂತದ್ದು 59 ಮಂದಿಗೆ, ಅವರಲ್ಲಿ 42 ಮಂದಿ ತೀರಿಕೊಂಡರು. ಸಂಖ್ಯೆ ಸಣ್ಣದು. ಪೂರ್ತಿ ವಿವರ ಸಿಕ್ಕವರಲ್ಲಿ ಬಹುತೇಕರಿಗೆ ಮೊದಲೇ ಕಾಯಿಲೆ ಇತ್ತು: ಹುಟ್ಟಿನಿಂದ ಬಂದ ದಪ್ಪ ಹೃದಯಸ್ನಾಯು, ಇಲ್ಲವೇ ಮುಚ್ಚಿಕೊಳ್ಳುತ್ತಿದ್ದ ರಕ್ತನಾಳ. ಬದುಕಿದವರನ್ನು ಹೆಚ್ಚಾಗಿ ಉಳಿಸಿದ್ದು ಪಕ್ಕದಲ್ಲಿದ್ದವರು ಕೂಡಲೇ ಎದೆ ಒತ್ತಿದ್ದು. ಓಟ ಮುಗಿಸಿ ನಿಂತ ಮೇಲೆ ತಲೆ ಸುತ್ತಿ ಕುಸಿದರೆ ಸಾಮಾನ್ಯವಾಗಿ ರಕ್ತ ಕಾಲಿಗೆ ಇಳಿದಿರುತ್ತದೆ, ಮಲಗಿಸಿ ಕಾಲು ಎತ್ತಿದರೆ ಸರಿಹೋಗುತ್ತದೆ. ಓಡುತ್ತಿರುವಾಗಲೇ ಕುಸಿದರೆ ಹಾಗಲ್ಲ, ಹೃದಯದ್ದೇ ತೊಂದರೆ ಇರಬಹುದು. ಅಂಥವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಸತ್ತಿದ್ದರೆ ಅವರೂ, ಇಸಿಜಿ, ಎಕೋ ಮಾಡಿಸದೆ ಓಡಬೇಡಿ. ಮತ್ತೊಂದು ಮಾತು, ಓಡುವ ದಿನ ನೋವಿನ ಮಾತ್ರೆ ಬೇಡವೇ ಬೇಡ. ಐಬುಪ್ರೊಫೇನ್ ಮೂತ್ರಪಿಂಡಕ್ಕೆ ಹೊರೆ. ಮೂತ್ರ ಕಡಕ್ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ರಕ್ತಕ್ಕೆ ಸೇರುತ್ತಿರಬಹುದು, ತಡ ಮಾಡದೆ ವೈದ್ಯರ ಹತ್ತಿರ ಹೋಗಿ.

ಮಾಸ್ತರರು ಎರಡನೇ ದಿನ ಎದ್ದು ಕೂತು ರೊಟ್ಟಿ ಕೇಳಿದರು. ಮಳಖೇಡದ ಮಾತು ಅವರಿಗೆ ಒಂದೂ ನೆನಪಿಲ್ಲ. ತಾನು ಚೆನ್ನಾಗಿಯೇ ಓಡುತ್ತಿದ್ದೆ ಅಂತಲೇ ಅವರ ನಂಬಿಕೆ.

ಈ ಜನವರಿಯಲ್ಲಿ ಮತ್ತೆ ಹೊರಟೆವು. ಹೊರಡೋ ಮೊದಲು ಪರಿಚಯದವರ ಅಂಗಡಿಯಲ್ಲಿ ತೊಗರಿ ತೂಗುವ ತಕ್ಕಡಿ ಮೇಲೆ ಅವರನ್ನು ನಿಲ್ಲಿಸಿದೆವು. 64 ಕೆಜಿ. ಓಟದ ನಡುವೆ ತೂಕ ಏರಿದರೆ ನೀರು ಜಾಸ್ತಿಯಾಗಿದೆ ಅಂತಲೇ ಅರ್ಥ. ದಾರಿಯುದ್ದಕ್ಕೂ ಅರ್ಧ ಗಂಟೆಗೊಮ್ಮೆ ಅವರ ತಮ್ಮ ಏನಾದರೊಂದು ಕೇಳುತ್ತಿದ್ದ, ಇವತ್ತು ಯಾವ ವಾರ, ದೊಡ್ಡ ಮಗಳು ಎಷ್ಟನೇ ಕ್ಲಾಸು ಅಂತ. ನೀರು ಅವರು ಕೇಳಿದಾಗ ಮಾತ್ರ ಕೊಟ್ಟೆವು. ಮಳಖೇಡದಲ್ಲಿ ಒಂದು ಗೊಬ್ಬರದ ಅಂಗಡಿ ಮುಂದೆ ಮತ್ತೆ ತೂಗಿದೆವು. 63 ಇತ್ತು. ಉಂಗುರ ತಿರುಗಿಸಿ ನೋಡಿದೆ, ಸಡಿಲವಾಗಿತ್ತು. "ನಡೀರಿ ಮಾಸ್ತರ್" ಅಂದೆ.